ಕೈ ಹಿಂದೆ ಕಟ್ಟಿಕೊಂಡವರು

ನಮ್ಮ ಗುಂಪಿಗೆ ಹೆಸರಿಲ್ಲ, ಫಲಕವಿಲ್ಲ, ಅಧ್ಯಕ್ಷರೂ ಇಲ್ಲ. ಅಧ್ಯಕ್ಷರೊಬ್ಬರು ಬೇಕು ಎಂದಾಗಿದ್ದರೆ ಆ ಕುರ್ಚಿ ನನ್ನದೇ ಎಂಬುದು ನನ್ನ ಖಾಸಗಿ ಅಭಿಪ್ರಾಯ. ಉಳಿದವರಿಗೂ ತಮ್ಮ ತಮ್ಮ ಬಗ್ಗೆ ಅಂಥದೇ ಖಾಸಗಿ ಅಭಿಪ್ರಾಯ ಇದ್ದುದರಿಂದ ಆ ಮಾತು ಯಾವತ್ತೂ ಎದ್ದಿಲ್ಲ.

ಒಟ್ಟು ನಾಲ್ಕು ಜನ. ನಾನು ಗೋಕಾಕದಲ್ಲಿ ಹೈಸ್ಕೂಲಿನ ಗಣಿತ ಶಿಕ್ಷಕಿ. ಊರೆಲ್ಲ ಅಕ್ಕೋರು ಎನ್ನುತ್ತದೆ, ಗುಂಪೂ ಹಾಗೇ ಎನ್ನುತ್ತದೆ. ಎರಡನೆಯವರು ದಡ್ಡಿ ಮನೆತನದವರು, ಮೂಡಲಗಿ ಕಡೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ವೈರ್‌ಮನ್. ಜಗತ್ತಿನ ಎಲ್ಲ ತೊಂದರೆಗೂ ಎಲ್ಲೋ ಒಂದು ಸಡಿಲ ತಂತಿಯೇ ಕಾರಣ ಎಂದು ನಂಬಿದವರು. ಮೂರನೆಯವರು ಹುಕ್ಕೇರಿಯಲ್ಲಿ ಸಣ್ಣ ಮುದ್ರಣಾಲಯ ಇಟ್ಟುಕೊಂಡವರು. ನಾವು ಅಣ್ಣಾರು ಎನ್ನುತ್ತೇವೆ. ಮೂವತ್ತು ವರ್ಷದಿಂದ ಅಕ್ಷರ ಜೋಡಿಸಿದ್ದಾರೆ, ಆದರೆ ಜೋಡಿಸಿದ್ದನ್ನು ಓದುವ ಚಟ ಅವರಿಗಿಲ್ಲ. "ನಾ ಅಕ್ಷರ ನೋಡತೇನ್ರಿ, ಓದೂದಿಲ್ಲ. ಓದಾಕ ಕುಂತ್ರ ಪ್ರೆಸ್ ನಡಸೂದ ಯಾವಾಗ?" ಎಂದು ಅದನ್ನು ಒಂದು ಗುಣವೆಂಬಂತೆ ಹೇಳಿಕೊಳ್ಳುತ್ತಾರೆ. ನಾಲ್ಕನೆಯವರು ಮೂಡಲಗಿಯ ಕಾಕು, ಅಂದರೆ ನಮ್ಮೆಲ್ಲರಿಗೂ ಚಿಕ್ಕಮ್ಮ.

ನಮ್ಮನ್ನು ಕೂಡಿಸಿದ್ದು ಲಿನಕ್ಸ್. ಕಂಪ್ಯೂಟರನ್ನು ನಡೆಸುವ ಮೂಲ ವ್ಯವಸ್ಥೆ ಅದು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ಕೆಟ್ಟರೆ ಮಾತ್ರ ಹೋಗಿ ಜಗಳ ಮಾಡಲು ಒಂದು ಅಂಗಡಿಯಿಲ್ಲ. ಹಾಗಾಗಿ ನಾವು ಒಬ್ಬರ ತೊಂದರೆಯನ್ನು ಇನ್ನೊಬ್ಬರು ಬಿಡಿಸುತ್ತೇವೆ, ಸಾಧ್ಯವಾದರೆ ಹೊಸದೊಂದನ್ನು ಹುಟ್ಟಿಸದೆ. ವಾರವೆಲ್ಲ ಮೇಲ್ ಬರೆಯುತ್ತೇವೆ. ತಿಂಗಳಿಗೊಂದು ಭಾನುವಾರ ಗೋಕಾಕದಲ್ಲೋ ಮೂಡಲಗಿಯಲ್ಲೋ ಹುಕ್ಕೇರಿಯಲ್ಲೋ ಕೂಡುತ್ತೇವೆ. ಯಾರ ಮನೆಯಲ್ಲಿ ಕೂಡುತ್ತೇವೋ ಅವರ ಮನೆಯವರು ಅವತ್ತು ತವರಿಗೆ ಹೋಗುವುದು ಒಂದು ರೂಢಿಯಾಗಿದೆ. ನನ್ನ ಗಂಡನಿಗೆ ತವರಿಲ್ಲ, ಆತ ಕಟಿಂಗ್ ಮಾಡಿಸಲು ಹೋಗಿ ಮಧ್ಯಾಹ್ನದ ತನಕ ಬರುವುದಿಲ್ಲ.

ಕಾಕುವಿಗೆ ಹುಟ್ಟಿದಂದಿನಿಂದ ಕಣ್ಣು ಕಾಣುವುದಿಲ್ಲ. ಬ್ಯಾಂಕೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದು ನಿವೃತ್ತರಾದವರು. ಅವರ ಕಂಪ್ಯೂಟರು ಎಲ್ಲವನ್ನೂ ಗಟ್ಟಿಯಾಗಿ ಓದಿ ಹೇಳುತ್ತದೆ. ಒತ್ತಿದ ಪ್ರತಿ ಅಕ್ಷರವನ್ನೂ ಕೂಗುತ್ತದೆ, ಅಳಿಸಿದರೆ ಅಳಿಸಿದ್ದನ್ನೂ ಕೂಗುತ್ತದೆ. ಆ ದನಿಯೋ, ಮೂಗು ಕಟ್ಟಿದ ಕಂಡಕ್ಟರ್ ಸ್ಟಾಪು ಕೂಗಿದ ಹಾಗೆ. ಪರದೆ ತಮಗೇಕೆಂದು ಅದನ್ನು ವರ್ಷಗಳ ಹಿಂದೆಯೇ ವೈರ್‌ಮನ್ನರಿಗೆ ಕೊಟ್ಟುಬಿಟ್ಟಿದ್ದರು. ಅವರು ಅದರಲ್ಲಿ ದನಿಯಿಲ್ಲದೆ ಕ್ರಿಕೆಟ್ ನೋಡುತ್ತಾರೆ. ಒಬ್ಬರ ಕಂಪ್ಯೂಟರಿಗೆ ಬಾಯಿ ಮಾತ್ರ, ಇನ್ನೊಬ್ಬರದಕ್ಕೆ ಮುಖ ಮಾತ್ರ. ಇಬ್ಬರೂ ಸುಖವಾಗಿದ್ದರು.

ನಮ್ಮ ನಾಲ್ವರಲ್ಲಿ ಈ ವಿದ್ಯೆಯನ್ನು ನಿಜವಾಗಿ ಬಲ್ಲವರು ಕಾಕು. ಇದನ್ನು ನಾನು ಇಲ್ಲಿ ಬರೆಯುತ್ತೇನೆ, ಗುಂಪಿನಲ್ಲಿ ಒಪ್ಪುವುದಿಲ್ಲ.

ಎರಡು ಕಟ್ಟಳೆಗಳಿವೆ. ಒಂದು, ಯಾರೂ ಇನ್ನೊಬ್ಬರ ಕೀಲಿಮಣೆ ಮುಟ್ಟಬಾರದು. ಸಹಾಯ ಮಾಡುವವರು ಕೈ ಹಿಂದೆ ಕಟ್ಟಿಕೊಂಡು ನಿಂತು ಬಾಯಲ್ಲಿ ಹೇಳಬೇಕು. ಒತ್ತುವ ಬೆರಳು ಯಂತ್ರ ಯಾರದೋ ಅವರದೇ ಆಗಬೇಕು. ಹೊಸಬರು ಯಾರಾದರೂ ನಮ್ಮನ್ನು ನೋಡಿದರೆ ಪೊಲೀಸರು ಹಿಡಿದು ನಿಲ್ಲಿಸಿದ್ದಾರೆ ಎಂದುಕೊಂಡಾರು. ಈ ಕಟ್ಟಳೆ ಹೇಗೆ ಬಂತು ಎಂದು ಕೇಳಿದವರಿಗೆಲ್ಲ ನಾನು ಒಂದು ಸಣ್ಣ ಭಾಷಣ ಮಾಡುತ್ತಿದ್ದೆ: ಲೆಕ್ಕವನ್ನು ವಿದ್ಯಾರ್ಥಿಯೇ ಬಿಡಿಸಬೇಕು, ಶಿಕ್ಷಕರು ಬಿಡಿಸಿಕೊಟ್ಟರೆ ಕಲಿಕೆ ಆಗುವುದಿಲ್ಲ, ಅದು ನನ್ನ ಬೋಧನಾ ಪದ್ಧತಿ, ಇತ್ಯಾದಿ. ಕಾಕು ಪಕ್ಕದಲ್ಲೇ ಕುಳಿತು ಕೇಳಿಸಿಕೊಳ್ಳುತ್ತಿದ್ದರು, ಒಂದು ಮಾತೂ ಆಡುತ್ತಿರಲಿಲ್ಲ.

ಎರಡನೆಯದು ಕಾಕು ಮಾಡಿದ ಕಟ್ಟಳೆ. ತೊಂದರೆ ಬಗೆಹರಿದ ಮೇಲೆ ಅದನ್ನು ಬರೆದಿಡಬೇಕು, ಮೊದಲ ಸಾಲು "ನಾನು ಮಾಡಿದ ತಪ್ಪು" ಎಂದೇ ಶುರುವಾಗಬೇಕು. ಪರಿಹಾರ ಆಮೇಲೆ. ವೈರ್‌ಮನ್ನರು ಬರೆದದ್ದು: "ನಾನು ಮಾಡಿದ ತಪ್ಪು: ವೈಫೈ ಯಾಕೆ ಬರುತ್ತಿಲ್ಲವೆಂದು ಮೂರು ದಿನ ಹುಡುಕಿದೆ. ಯಂತ್ರದಲ್ಲಿ ವೈಫೈ ಇರಲೇ ಇಲ್ಲ." ಅಣ್ಣಾರು ಬರೆದದ್ದು: "ನಾನು ಮಾಡಿದ ತಪ್ಪು: ಸಿಟ್ಟಿನಲ್ಲಿ ಎಲ್ಲಾ ಅಳಿಸು ಎಂದೆ. ಅದು ಮಾತು ಕೇಳಿತು." ನಾನು ಬರೆದದ್ದು: "ನಾನು ಮಾಡಿದ ತಪ್ಪು: ಬೇರೆಯವರ ಸಲಹೆ ನಂಬಿದ್ದು." ನನ್ನ ಬರಹಗಳೆಲ್ಲ ಹೆಚ್ಚು ಕಡಿಮೆ ಹೀಗೇ ಇವೆ. ಇಪ್ಪತ್ತೈದು ವರ್ಷ ಕೆಂಪು ಪೆನ್ನು ಹಿಡಿದ ಕೈ, ತನ್ನ ಕಡೆ ತಿರುಗುವುದು ಸುಲಭವಲ್ಲ.

ಇಂಥ ಬರಹಗಳು ಸೇರಿ ಸೇರಿ ಒಂದು ಪುಸ್ತಕದಷ್ಟಾದವು. ಕಣ್ಣು ಕಾಣದವರು ಲಿನಕ್ಸ್ ಕಲಿಯುವುದು ಹೇಗೆ ಎಂದು ಕನ್ನಡದಲ್ಲಿ ಹೇಳುವ ಪುಸ್ತಕ. ಕಾಕು ಎಲ್ಲವನ್ನೂ ಒಪ್ಪವಾಗಿಟ್ಟು, ತಮ್ಮವನ್ನೂ ಸೇರಿಸಿ, ಎರಡು ವರ್ಷ ಕುಳಿತು ಬರೆದರು. ಅಚ್ಚು ಹಾಕಲು ಅಣ್ಣಾರು ಒಪ್ಪಿದರು. ಅಂಧ ಮಕ್ಕಳ ಶಾಲೆಯೊಂದಕ್ಕೆ ಜೂನ್ ತಿಂಗಳಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಕೊಡುತ್ತೇನೆಂದು ಕಾಕು ಮಾತು ಕೊಟ್ಟಿದ್ದರು: ಅಚ್ಚಾದದ್ದು ಕಲಿಸುವ ಶಿಕ್ಷಕರಿಗೆ, ಅದರ ಫೈಲು ಮಕ್ಕಳ ಮಾತಾಡುವ ಯಂತ್ರಗಳಿಗೆ. ಅಣ್ಣಾರದು ಒಂದೇ ಷರತ್ತು: ಮುಂದಿನ ಸೋಮವಾರದೊಳಗೆ ಕರಡು ತಿದ್ದಿ ಕೊಟ್ಟರೆ ಅವತ್ತೇ ಅಚ್ಚಿಗೆ, ಅಲ್ಲಿಂದ ಮುಂದೆ ಲಗ್ನಪತ್ರಿಕೆಗಳ ಸೀಸನ್ನು, ಪ್ರೆಸ್ಸು ಎರಡು ತಿಂಗಳು ಯಾರಿಗೂ ಸಿಗುವುದಿಲ್ಲ.

ಕಾಕುವಿನದೂ ಒಂದೇ ಷರತ್ತು. "ಅಚ್ಚಿಗೆ ಹೋಗೂಕಿಂತ ಮೊದಲ ಪೂರಾ ಪುಸ್ತಕ ನಾನ ಒಮ್ಮೆ ಓದಬೇಕು. ಯಾರೂ ಓದಿ ಹೇಳೂದು ಬ್ಯಾಡ."

ಈ ಮಾತಿನ ಹಿಂದೆ ಏನಿದೆ ಎಂದು ನನಗೆ ಗೊತ್ತಿತ್ತು, ಅದನ್ನು ಹೇಳಿಯೇ ಮುಂದೆ ಹೋಗಬೇಕು. ಕಾಕು ಹುಡುಗಿಯಾಗಿ ಹಾಸ್ಟೆಲ್ಲಿನಲ್ಲಿದ್ದಾಗ ಮನೆಯಿಂದ ಅಣ್ಣನ ಕಾಗದ ಬರುತ್ತಿತ್ತು, ಅದನ್ನು ವಾರ್ಡನ್ ಓದಿ ಹೇಳುತ್ತಿದ್ದರು. ಒಂದು ಕಾಗದದಲ್ಲಿ ಅಜ್ಜಿ ತೀರಿಹೋದ ಸುದ್ದಿ ಇತ್ತು. ಪರೀಕ್ಷೆ ಹತ್ತಿರ ಬಂದಿತ್ತೆಂದು ವಾರ್ಡನ್ ಆ ಸಾಲು ಬಿಟ್ಟು ಓದಿದರು. ಪರೀಕ್ಷೆ ಮುಗಿಸಿ ಊರಿಗೆ ಬಂದ ಹುಡುಗಿ ಮನೆಯೊಳಗೆ ಕಾಲಿಟ್ಟು ಅಜ್ಜಿಯನ್ನು ಕೂಗಿದಳು. ಇದನ್ನು ಕಾಕು ನನಗೆ ಹೇಳಿದ್ದು ಒಮ್ಮೆ ಮಾತ್ರ, ಅತ್ತುಕೊಂಡಲ್ಲ, ಅವರೆಕಾಯಿ ಬಿಡಿಸುತ್ತ. "ಓದಿ ಹೇಳೋರು ಎಲ್ಲಾರೂ ಒಳ್ಳೇವರರಿ. ಒಳ್ಳೇವರಾಗಿದ್ದಕ್ಕ ಬಿಟ್ಟು ಓದತಾರ. ಈ ಮಶೀನಿಗೆ ಒಳ್ಳೇತನ ಇಲ್ಲ, ಅದಕ್ಕ ಒಂದಕ್ಷರಾನೂ ಬಿಡೂದಿಲ್ಲ" ಎಂದಿದ್ದರು.

ಆ ಕರಡು ತಯಾರಾದ ವಾರವೇ ಕಾಕುವಿನ ಯಂತ್ರ ಮೂಕವಾಯಿತು.

ಕಾರಣ ನಾನೇ. ವ್ಯವಸ್ಥೆಯ ಹೊಸ ಆವೃತ್ತಿ ಬಂದಿತ್ತು, ಹಾಕಿಕೊಳ್ಳಿ ಎಂದು ಸೋಮವಾರ ಮೇಲ್ ಹಾಕಿದ್ದೆ. ಗುಂಪಿನಲ್ಲಿ ಹೊಸದನ್ನು ಮೊದಲು ಹೇಳಿದವರಿಗೆ ಸ್ವಲ್ಪ ಮರ್ಯಾದೆ ಹೆಚ್ಚು. ಮಂಗಳವಾರ ಬೆಳಿಗ್ಗೆ ಕಾಕು ಗುಂಡಿ ಒತ್ತುವ ತಮ್ಮ ಹಳೇ ಫೋನಿನಿಂದ ಕರೆ ಮಾಡಿದರು.

"ಅಕ್ಕೋರ, ಮಶೀನ ಮಾತಾಡವಲ್ದು."

"ಬಂದ್ ಮಾಡಿ ಚಾಲೂ ಮಾಡ್ರಿ ಕಾಕು."

"ಅದನ್ನ ಈ ಗುಂಪಿನ್ಯಾಗ ಎಲ್ಲಾರಿಗೂ ಹೇಳಿ ಕೊಟ್ಟಾಕಿ ನಾನರಿ" ಎಂದರು ಕಾಕು.

ಬುಧವಾರದವರೆಗೆ ಮೂವರೂ ಫೋನಿನಲ್ಲಿ ಹೇಳಿ ನೋಡಿದೆವು. ವೈರ್‌ಮನ್ನರು ಎಲ್ಲ ತಂತಿ ಕಿತ್ತು ಮತ್ತೆ ಹಾಕಿಸಿದರು. ಅಣ್ಣಾರು, "ನನ್ನದೂ ಒಮ್ಮೆ ಹಿಂಗ ಆಗಿತ್ತು, ತಾನ ಸರಿ ಆತು, ನೀವೂ ಕಾಯ್ರಿ" ಎಂಬ ತಾಂತ್ರಿಕ ಸಲಹೆ ಕೊಟ್ಟರು. ನಾನು ಹದಿನೇಳು ಆಜ್ಞೆಗಳನ್ನು ಹೇಳಿದೆ. ಕಾಕು ಹದಿನೇಳನ್ನೂ ಒತ್ತಿದರು, ಆದರೆ ಯಂತ್ರ ಏನೆಂದು ಉತ್ತರಿಸಿತೆಂದು ತಿಳಿಯಲು ದನಿಯೂ ಇಲ್ಲ, ಪರದೆಯೂ ಇಲ್ಲ. ಭಾನುವಾರ ಪರದೆ ಹೊತ್ತು ಎಲ್ಲರೂ ಮೂಡಲಗಿಗೆ ಬರುತ್ತೇವೆಂದು ತೀರ್ಮಾನವಾಯಿತು. ಅದಕ್ಕೂ ಮೊದಲು ವೈರ್‌ಮನ್ನರಿಗೂ ಅಣ್ಣಾರಿಗೂ ಬಿಡುವಿರಲಿಲ್ಲ. ನನಗೆ ಬೇಸಿಗೆ ರಜೆ. ಒಂದು ವೇಳೆ ಭಾನುವಾರವೂ ಯಂತ್ರ ಬಾಯಿ ಬಿಡದಿದ್ದರೆ ಕರಡು ಹಾಗೇ ಉಳಿಯಬಾರದೆಂದು, ಗುರುವಾರ ನಾನೇ ಬಂದು ಓದಿ ಹೇಳುತ್ತೇನೆ ಎಂದೆ.

ಕಾಕು ಫೋನಿನಲ್ಲೇ ಉತ್ತರಿಸಿದರು. "ನೀವು ಓದತೇನಿ ಅಂದ್ರ ಬ್ಯಾಡ ಅನ್ನಾಕ ಆಗೂದಿಲ್ಲರಿ. ಆದ್ರ ಬಿಡಬಾರ್ದು ನೋಡ್ರಿ."

"ಕಾಕು, ನಾ ಗಣಿತದಾಕಿ. ಒಂದು ಮೆಟ್ಟಲಾ ಬಿಟ್ರ ನಾ ಹುಡುಗರಿಗೆ ಮಾರ್ಕ್ಸ ಕೊಡೂದಿಲ್ಲ" ಎಂದೆ. ಎಷ್ಟು ಚೆನ್ನಾಗಿ ಹೇಳಿದೆ ಎಂದು ನನಗೇ ಅನಿಸಿತು.

ಕಾಗದದ ಕರಡನ್ನು ಅಣ್ಣಾರು ಹುಕ್ಕೇರಿಯಿಂದ ಬಸ್ಸಿಗೆ ಹಾಕಿ ಗೋಕಾಕಕ್ಕೆ ಕಳಿಸಿದ್ದರು. ಅದನ್ನೂ ಅರ್ಧ ಕಿಲೋ ಕರದಂಟನ್ನೂ ಹಿಡಿದು ಮೂಡಲಗಿಯ ಬಸ್ಸು ಹತ್ತಿದೆ. ಗುರುವಾರ, ಶುಕ್ರವಾರ ಎರಡು ಮಧ್ಯಾಹ್ನ ಓದಿದೆ. ಫ್ಯಾನಿನ ಕೆಳಗೆ ಕುಳಿತು, ಎರಡೆರಡು ಸಲ ಚಹಾ ಕುಡಿದು, ಅಲ್ಪವಿರಾಮಗಳನ್ನೂ ಬಿಡದೆ ಓದಿದೆ. ಕಾಕು ಕಾಲು ಮಡಚಿ ಕುಳಿತು ಕೇಳುತ್ತಿದ್ದರು. ತಾವು ಬರೆದದ್ದೆಲ್ಲ ಅವರಿಗೆ ಬಾಯಿಪಾಠವಿದ್ದಂತಿತ್ತು. ನಾನು ಓದುವ ಮೊದಲೇ ತುಟಿ ಅಲ್ಲಾಡುತ್ತಿತ್ತು.

ಶುಕ್ರವಾರ ಸಂಜೆ ನಾಲ್ಕರ ಹೊತ್ತಿಗೆ ಆ ಪುಟ ಬಂತು. ಕೀಲಿಮಣೆ ಮುಟ್ಟಬಾರದೆಂಬ ಕಟ್ಟಳೆಯ ಪುಟ. ಅದರಲ್ಲಿ ನಾಲ್ಕು ಸಾಲು ಹೀಗಿದ್ದವು:

"ನಾನು ಮಾಡಿದ ತಪ್ಪು: ನನ್ನ ಯಂತ್ರವನ್ನು ಬೇರೆಯವರ ಕೈಗೆ ಬಿಟ್ಟದ್ದು. ಗೋಕಾಕದ ಅಕ್ಕೋರು ಬಂದು ಪ್ರಿಂಟರ್ ಸರಿ ಮಾಡಿದರು. ಯಂತ್ರದ ವಟವಟ ಕೇಳಿ ತಲೆ ನೋಯುತ್ತದೆಂದು ಧ್ವನಿ ಬಂದ್ ಮಾಡಿದ್ದರು, ಅದನ್ನು ಹಾಗೇ ಬಿಟ್ಟು ಬಸ್ಸು ಹತ್ತಿದರು. ನಾನು ಎರಡು ದಿನ ಅದರ ಮುಂದೆ ಸುಮ್ಮನೆ ಕುಳಿತಿದ್ದೆ."

ಇದು ನಿಜವಾಗಿ ನಡೆದದ್ದು, ಗುಂಪು ಶುರುವಾದ ಹೊಸದರಲ್ಲಿ. ಮೂರನೆಯ ದಿನ ಕಾಕು ಫೋನು ಮಾಡಿದಾಗ ಯಾವ ಗುಂಡಿ ಒತ್ತಬೇಕೆಂದು ಹೇಳಿದ್ದೆ, "ಅಷ್ಟನಾ?" ಎಂದು ನಕ್ಕೂ ಇದ್ದೆ. ನಮ್ಮಿಬ್ಬರ ಹೊರತು ಯಾರಿಗೂ ಗೊತ್ತಿರಲಿಲ್ಲ. ಮುಂದಿನ ಭಾನುವಾರವೇ ಕಾಕು, ಇನ್ನು ಮೇಲೆ ಯಾರೂ ಯಾರದೂ ಮುಟ್ಟುವುದು ಬೇಡ ಎಂದರು. ಕಾರಣ ಹೇಳಲಿಲ್ಲ. ಕಾರಣ ಖಾಲಿ ಬಿದ್ದಿತ್ತು, ನಾನು ನನ್ನ ಬೋಧನಾ ಪದ್ಧತಿಯನ್ನು ತಂದು ಅಲ್ಲಿ ಕೂರಿಸಿದೆ. ಈಗ ನೋಡಿದರೆ ಕಾಕು ಅದನ್ನು ತಮ್ಮ ತಪ್ಪೆಂದೇ ಬರೆದುಕೊಂಡಿದ್ದಾರೆ.

ಓದುವ ಬಾಯಿ ಅಲ್ಲಿ ನಿಂತಿತು. ತಾಂತ್ರಿಕ ಪುಸ್ತಕದಲ್ಲಿ ಇಂಥ ಮನೆ ಮಾತೇಕೆ ಎಂದು ಒಂದು ಯೋಚನೆ ಬಂತು. ಶಾಲೆಯ ಮಕ್ಕಳು ಓದಿದರೆ ಶಿಕ್ಷಕರ ಬಗ್ಗೆ ಏನಂದುಕೊಂಡಾರು ಎಂದು ಇನ್ನೊಂದು. ಇವತ್ತು ಓದುವುದು ಬೇಡ, ಆಮೇಲೆ ಕಾಕುವಿಗೆ ಸಮಾಧಾನದಿಂದ ಹೇಳಿ ತೆಗೆಸಿದರಾಯಿತು ಎಂದು ಮೂರನೆಯದು. ಮೂರೂ ಬಂದದ್ದು ಒಂದು ಗುಟುಕು ಚಹಾ ಕುಡಿಯುವಷ್ಟರಲ್ಲಿ. ಲೋಟ ಕೆಳಗಿಟ್ಟು ಐದನೆಯ ಸಾಲಿನಿಂದ ಓದಿದೆ: "ನಮ್ಮಲ್ಲಿ ಯಾರೂ ಇನ್ನೊಬ್ಬರ ಕೀಲಿಮಣೆ ಮುಟ್ಟುವುದಿಲ್ಲ."

ಕಾಕುವಿನ ತುಟಿ ನಿಂತಿತು. "ಇದಕ್ಕಿಂತ ಮೊದಲ ಏನೂ ಇಲ್ಲೇನ್ರಿ?"

"ಇಲ್ರಿ."

"ಹಂಗಾದ್ರ ಮುಂದ ಹೋಗ್ರಿ" ಎಂದರು.

ನಾನು ಮುಂದೆ ಹೋದೆ. ಆರರ ಬಸ್ಸು ಸಿಕ್ಕಿತು, ಕಿಟಕಿ ಪಕ್ಕದ ಸೀಟೂ ಸಿಕ್ಕಿತು.

ಭಾನುವಾರ ಹನ್ನೊಂದಕ್ಕೆ ಎಲ್ಲರೂ ಕಾಕುವಿನ ಮನೆಯಲ್ಲಿ ಸೇರಿದೆವು. ವೈರ್‌ಮನ್ನರು ಹಳೇ ಪರದೆಯನ್ನು ಟವೆಲಿನಲ್ಲಿ ಸುತ್ತಿ, ಕೂಸು ಎತ್ತಿಕೊಂಡ ಹಾಗೆ ತಂದಿದ್ದರು. ಸಂಜೆಯ ಮ್ಯಾಚಿನ ಹೊತ್ತಿಗೆ ವಾಪಸು ಬೇಕೆಂಬುದನ್ನು ಬಂದ ತಕ್ಷಣ ಹೇಳಿದರು. ಪರದೆಯ ತಂತಿ ಸಿಕ್ಕಿಸಿ ಯಂತ್ರ ಚಾಲೂ ಮಾಡಿದ್ದೇ ತಡ, ನೀಲಿ ಬೆಟ್ಟದ ಚೆಂದದ ಚಿತ್ರ ಮೂಡಿತು.

"ಬಂತ್ರಿ, ಬಂತು" ಎಂದೆವು ಮೂವರೂ.

"ಏನ ಬಂತು?" ಎಂದರು ಕಾಕು.

"ಚಿತ್ರ."

"ಚಿತ್ರ ತಗೊಂಡು ನಾ ಏನ ಮಾಡ್ಲಿ?"

ನಾವು ಕೈ ಹಿಂದೆ ಕಟ್ಟಿಕೊಂಡು ಸಾಲಾಗಿ ನಿಂತೆವು. ಕಾಕು ಕೀಲಿಮಣೆಯ ಮುಂದೆ. ಮೂರು ತಾಸು ನಡೆದದ್ದನ್ನು ಪೂರ್ತಿ ಬರೆಯುವುದಿಲ್ಲ, ನಮ್ಮ ಮರ್ಯಾದೆಯೂ ಸ್ವಲ್ಪ ಉಳಿಯಬೇಕು. ವೈರ್‌ಮನ್ನರು ಪರದೆಯ ಮೇಲಿದ್ದುದನ್ನೆಲ್ಲ ಎಡ ಮೂಲೆಯಿಂದ, ಗಂಟೆ ಎಷ್ಟಾಯಿತೆಂಬುದನ್ನೂ ಸೇರಿಸಿ ಓದುತ್ತಿದ್ದರು. ಅಣ್ಣಾರು ಏನೂ ಓದುತ್ತಿರಲಿಲ್ಲ, ಅಕ್ಷರದ ಮಾಟ ಚೆನ್ನಾಗಿಲ್ಲ, ಸಾಲುಗಳ ನಡುವೆ ಅಂತರ ಕಡಿಮೆ ಎನ್ನುತ್ತಿದ್ದರು. ನಾನು ಇಬ್ಬರನ್ನೂ ತಿದ್ದುತ್ತಿದ್ದೆ. ಒಂದು ಸಲ ವೈರ್‌ಮನ್ನರ ಬಲಗೈ ತಾನಾಗಿ ಮುಂದೆ ಬಂತು. ನಾನು "ಕೈ" ಎಂದು ಗದರಿದೆ, ಅದು ಹಿಂದೆ ಹೋಯಿತು. ಆಗ ನನಗೆ ಏನೂ ಅನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ.

ಧ್ವನಿಯ ತಂತ್ರಾಂಶ ಇದೆಯೇ ಎಂದು ನೋಡಿದೆವು, ಇತ್ತು. ಓದುತ್ತಿದೆಯೇ ಎಂದು ನೋಡಿದೆವು, ಓದುತ್ತಿದೆ ಎಂದೇ ಪರದೆ ಹೇಳಿತು. ಮತ್ತೊಮ್ಮೆ ಹಾಕಿದೆವು. ಎಲ್ಲ ಸರಿ ಇತ್ತು, ಕೇಳಿಸುತ್ತಿರಲಿಲ್ಲ ಅಷ್ಟೇ.

"ಒಬ್ಬೊಬ್ಬರ ಮಾತಾಡ್ರಿ" ಎಂದರು ಕಾಕು ಕೊನೆಗೆ. "ಮೂರು ಲೈನ ಒಂದರಾಗ ಒಂದು ಕೂಡಿದಂಗ ಆಗೈತಿ." ಕಾಕು ಕೀಲಿಮಣೆಯಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು. "ಮಂಗಳವಾರದಿಂದ ಈ ಮಶೀನ ಏಳ್ತಾನ ಇದ್ದಿಲ್ಲ, ಒಳಗ ತಿರಗೂ ಸಪ್ಪಳ ಅರ್ಧಕ್ಕ ನಿಲ್ತಿತ್ತು. ಇವತ್ತ ಪೂರಾ ಎದ್ದೈತಿ, ಸಪ್ಪಳ ಕೇಳೇನಿ. ಅಂದ್ರ ಪರದೆ ಹಚ್ಚಿದ್ದಕ್ಕ ಎದ್ದೈತಿ. ಆ ಪರದೆ ತಂತಿಯೊಳಗ ಬರೇ ಚಿತ್ರ ಹೋಗತೈತೋ, ದನೀನೂ ಹೋಗತೈತೋ?"

"ಎರಡೂ ಹೋಗತಾವ್ರಿ ಕಾಕು" ಎಂದರು ವೈರ್‌ಮನ್ನರು.

"ಪರದೀಗೆ ಸ್ಪೀಕರ ಐತೇನು?"

ಇಷ್ಟು ವರ್ಷ ದನಿಯಿಲ್ಲದೆ ಕ್ರಿಕೆಟ್ ನೋಡಿದ ಮನುಷ್ಯ ಪರದೆಯ ಕಡೆ ನೋಡಿದರು, ಆಮೇಲೆ ನೆಲದ ಕಡೆ ನೋಡಿದರು.

"ಲೈನ ಸರಿ ಐತಿ. ತಪ್ಪ ನಂಬರಿಗೆ ಹಚ್ಚೀರಿ" ಎಂದರು ಕಾಕು.

ನಮಗೆ ನೋಡಲು ಬೇಕೆಂದು ನಾವು ತಂದ ಪರದೆಯೇ ಮೂರು ತಾಸಿನಿಂದ ದನಿಯನ್ನೆಲ್ಲ ತನ್ನೊಳಗೆ ಎಳೆದುಕೊಂಡು ಕುಳಿತಿತ್ತು. ಯಂತ್ರ ಬೆಳಗಿನಿಂದ ಎಲ್ಲವನ್ನೂ ಓದಿ ಹೇಳುತ್ತಲೇ ಇತ್ತು, ಬಾಯಿಲ್ಲದ ಪರದೆಗೆ. ದನಿಯನ್ನು ಪೆಟ್ಟಿಗೆಯ ಸ್ವಂತ ಸ್ಪೀಕರಿಗೆ ತಿರುಗಿಸಲು ಎಲ್ಲಿ ಒತ್ತಬೇಕೆಂದು ನಾನು ಹೇಳಿದೆ, ಕಾಕು ಒತ್ತಿದರು. ಮೂಗು ಕಟ್ಟಿದ ಕಂಡಕ್ಟರ್ ಮಾತಾಡಿದ. ಕಾಕುವಿನ ಮುಖ ನೋಡಿ ನನ್ನ ಕಣ್ಣಲ್ಲಿ ನೀರು ಬಂತು, ಅದರ ತಪ್ಪನ್ನು ಫ್ಯಾನಿನ ಧೂಳಿನ ಮೇಲೆ ಹಾಕಿದೆ.

ಉಳಿದದ್ದು ಒಂದೇ: ಈ ಹೊಸ ಆವೃತ್ತಿ ಪರದೆ ಕಾಣದಿದ್ದರೆ ಏಳುವುದಿಲ್ಲ, ಪರದೆ ಸಂಜೆ ಮ್ಯಾಚಿಗೆ ಹೋಗಬೇಕು. ಅದನ್ನು ವೈರ್‌ಮನ್ನರು ಬಗೆಹರಿಸಿದರು. ಯಂತ್ರದ ಹಿಂದೆ ಹಳೆಯ ನಮೂನೆಯ ಪರದೆಗೆಂದು ಇನ್ನೊಂದು ಬಾಯಿ ಇತ್ತು; ಅದರೊಳಗೆ ಚಿತ್ರ ಮಾತ್ರ ಹೋಗುತ್ತದೆ, ದನಿ ಹೋಗುವುದಿಲ್ಲ. ಅವರು ಚೀಲದಿಂದ ಒಂದು ಹಳೇ ಪ್ಲಗ್ಗನ್ನೂ ಜೋಳದ ಕಾಳಿನಷ್ಟು ದೊಡ್ಡ ಮೂರು ರೆಸಿಸ್ಟರುಗಳನ್ನೂ ತೆಗೆದು, ಕಾಕುವಿನ ಕಟ್ಟೆಯ ಮೇಲೆ ಕುಳಿತು ಬೆಸುಗೆ ಹಾಕಿ, ಅದನ್ನು ಅಲ್ಲಿ ಸಿಕ್ಕಿಸಿದರು. ಯಂತ್ರ ತನಗೊಂದು ಪರದೆ ಇದೆ ಎಂದು ನಂಬಿ ಎದ್ದಿತು. "ಸುಳ್ಳ ಪರದೆರಿ" ಎಂದು ವೈರ್‌ಮನ್ನರು ಎಷ್ಟು ಹೆಮ್ಮೆಯಿಂದ ಹೇಳಿದರೆಂದರೆ, ನಾನು ಅವತ್ತು ಮೊದಲ ಬಾರಿ ಅವರನ್ನು ತಿದ್ದಲಿಲ್ಲ.

ತಟ್ಟೆಯಲ್ಲಿದ್ದ ಮಂಡಕ್ಕಿ ಗಿರಮಿಟ್ ತಿನ್ನುವಷ್ಟು ಹೊತ್ತೂ ಕಾಕು ಕಾಯಲಿಲ್ಲ. "ಅಣ್ಣಾರ, ಪುಸ್ತಕ ತಂದೀರಿಲ್ಲ?"

"ತಂದೇನ್ರಿ" ಎಂದು ಅಣ್ಣಾರು ಪೆನ್ ಡ್ರೈವ್ ಕೊಟ್ಟರು. "ನೀವು ಶುಕ್ರವಾರ ಸಂಜೀಕ ಫೋನ್ ಮಾಡಿ ಬೈದು ಬರಸಿದ ನಾಕ ಸಾಲೂ ಸೇರಿಸೇನಿ. ಹೆಂಗ ಬಿಟ್ಟಿದ್ದವೋ ಏನೋ, ತಪ್ಪ ನಂದಿರಬೇಕು."

ನಾನು ಗಿರಮಿಟ್ ತಟ್ಟೆ ಕೆಳಗಿಟ್ಟೆ. ನಾನು ಬಸ್ಸು ಹತ್ತಿದ ಮೇಲೆ ಕಾಕು ಹುಕ್ಕೇರಿಗೆ ಫೋನು ಮಾಡಿ ಆ ನಾಲ್ಕು ಸಾಲನ್ನು ಬಾಯಲ್ಲಿ ಹೇಳಿ ಬರೆಸಿದ್ದರು. ಅಕ್ಷರ ನೋಡುವ, ಓದದ ಅಣ್ಣಾರು ಅವು ಮೊದಲೇ ಅಲ್ಲಿವೆಯೇ ಎಂದು ನೋಡದೆ ಜೋಡಿಸಿದ್ದರು.

ಕಾಕು ಹುಡುಕುವ ಗುಂಡಿ ಒತ್ತಿ ನೇರವಾಗಿ ಅದೇ ಪುಟಕ್ಕೆ ಹೋದರು. ಬಿಟ್ಟುಹೋದದ್ದು ಸರಿಯಾಗಿ ಬಂದಿದೆಯೇ ಎಂದು ಮೊದಲು ಅದನ್ನೇ ನೋಡುವುದು ಸಹಜ. ಯಂತ್ರ ಓದಿತು. ಗೋಕಾಕದ ಅಕ್ಕೋರು ಬಂದು ಪ್ರಿಂಟರ್ ಸರಿ ಮಾಡಿದರು. ಧ್ವನಿ ಬಂದ್ ಮಾಡಿದ್ದರು, ಅದನ್ನು ಹಾಗೇ ಬಿಟ್ಟು ಬಸ್ಸು ಹತ್ತಿದರು. ನಾನು ಎರಡು ದಿನ ಅದರ ಮುಂದೆ ಸುಮ್ಮನೆ ಕುಳಿತಿದ್ದೆ. ಅದು ಮುಗಿಯಿತು ಎನ್ನುವಷ್ಟರಲ್ಲಿ, ನಾನು ಮಾಡಿದ ತಪ್ಪು ಎಂದು ಮತ್ತೆ ಮೊದಲಿನಿಂದ ಶುರುವಾಯಿತು. ಗೋಕಾಕದ ಅಕ್ಕೋರು ಎರಡನೆಯ ಸಲ ಬಂದರು, ಎರಡನೆಯ ಸಲ ಧ್ವನಿ ಬಂದ್ ಮಾಡಿದರು, ಎರಡನೆಯ ಸಲ ಬಸ್ಸು ಹತ್ತಿದರು.

ವೈರ್‌ಮನ್ನರು ಗೋಡೆಯ ಕಡೆ ತಿರುಗಿದರು. ಅವರ ಹೆಗಲು ಅಲ್ಲಾಡುತ್ತಿತ್ತು. "ಬೋಧನಾ ಪದ್ಧತಿ" ಎಂದರು ಗೋಡೆಗೆ.

ಕಾಕು ನಗಲಿಲ್ಲ. "ಎರಡ ಸಲ ಯಾಕ ಬಂತು ಅಣ್ಣಾರ?"

ಅಣ್ಣಾರು ಚೀಲದಿಂದ ಕಾಗದದ ಹಳೇ ಕರಡಿನ ತಮ್ಮ ಪ್ರತಿ ತೆಗೆದು ಪುಟ ತಿರುವಿದರು. ಜೀವಮಾನದಲ್ಲಿ ಮೊದಲ ಸಲ ಅವರು ಓದುವುದನ್ನು ಕಂಡೆ. ಅವರು ಹೇಳುವವರೆಗೆ ಕಾಯಬಹುದಿತ್ತು, ಆದರೆ ಕಾಯಲು ನಾಚಿಕೆಯಾಯಿತು.

"ಇದ್ದವ್ರಿ ಕಾಕು. ಶುಕ್ರವಾರ ಕಾಗದದಾಗ ಇದ್ದವು. ನಾ ಓದಲಿಲ್ಲ" ಎಂದೆ.

ಕಾಕು ನನ್ನ ದನಿ ಬಂದ ಕಡೆ ಮುಖ ತಿರುಗಿಸಿದರು. ಬೈಯಲಿಲ್ಲ. ಬೈದಿದ್ದರೆ ನನಗೂ ಜಗಳಕ್ಕೆ ಒಂದು ದಾರಿ ಸಿಗುತ್ತಿತ್ತು.

"ಪ್ರೆಸ್ಸಿನವರ ಬಿಟ್ಟಾರ ಅಂತ ತಿಳಕೊಂಡೆರಿ" ಎಂದರು. "ಅಣ್ಣಾರಿಗೆ ಬಾಯಿಗೆ ಬಂದಂಗ ಬೈದೆ. ನೀವು ಬಿಟ್ಟೀರಿ ಅಂತ ನನ್ನ ತಲ್ಯಾಗ ಬರಲೇ ಇಲ್ಲರಿ ಅಕ್ಕೋರ."

ನಾನು ನಿಂತಲ್ಲೇ ನಿಂತಿದ್ದೆ. ಕೈಗಳು ತಾವಾಗಿ ಹಿಂದೆ ಹೋಗಿದ್ದವು.

ಕಾಕು ಎದ್ದರು. ಕುರ್ಚಿಯನ್ನು ಹಿಂದಕ್ಕೆ ಸರಿಸಿ, "ಕುಂಡ್ರಿ" ಎಂದರು. "ಒಂದು ತಗದ ಹಾಕೋಣು. ಆ ಜಾಗದಾಗ ನಿಮ್ಮದ ಬರೀರಿ. ನಿಮ್ಮ ಕೈಲೇನ."

ಯಾರೂ ಯಾರದೂ ಮುಟ್ಟಬಾರದೆಂಬ ಕಟ್ಟಳೆ ಅವತ್ತು ಒಂದು ಸಲ ಮುರಿಯಿತು, ಮುರಿದವರು ಅದನ್ನು ಮಾಡಿದವರೇ. ನಾನು ಕುಳಿತೆ. ಕಾಕುವೂ ಸೇರಿ ಮೂವರೂ ನನ್ನ ಹಿಂದೆ ಕೈ ಕಟ್ಟಿಕೊಂಡು ನಿಂತರು. "ನಾಕ ಸಾಲಿನ ಜಾಗಕ್ಕ ನಾಕ ಸಾಲ ಬೇಕ್ರಿ, ಕಡಿಮಿ ಆದ್ರ ಪುಟ ಹಾಳಾಕ್ಕೈತಿ" ಎಂದರು ಅಣ್ಣಾರು. ನನ್ನ ಮನಸ್ಸಿನಲ್ಲಿ ಒಂದೇ ಸಾಲು ಇತ್ತು, ಅದೂ ಚಿಕ್ಕದು.

ನಾನು ಮಾಡಿದ ತಪ್ಪು ಎಂದು ಒತ್ತಿದೆ. ಯಂತ್ರ ಒಂದೊಂದೇ ಅಕ್ಷರವನ್ನು ಮನೆಗೆಲ್ಲ ಕೇಳುವಂತೆ ಕೂಗಿತು. ಅವಸರದಲ್ಲಿ ಎಂದು ಒತ್ತಿದೆ.

"ಅವಸರ ಇದ್ದಿಲ್ಲರಿ" ಎಂದರು ಕಾಕು ಹಿಂದಿನಿಂದ. "ಚಹಾ ಎರಡ ಸಲ ಆಗಿತ್ತು."

ಅಳಿಸಿದೆ. ಅಳಿಸಿದ ಒಂದೊಂದು ಅಕ್ಷರವನ್ನೂ ಯಂತ್ರ ಹಿಂದುಮುಂದಾಗಿ ಓದಿ ಹೇಳಿತು. ಇಪ್ಪತ್ತೈದು ವರ್ಷ ಮಕ್ಕಳ ನೋಟ್ ಬುಕ್ಕುಗಳಲ್ಲಿ ಅಳಿಸಿದ್ದನ್ನು ಹಿಡಿದು ಏನಿತ್ತು ಇಲ್ಲಿ ಎಂದು ಕೇಳಿದವಳು ನಾನು. ಗೊತ್ತಿದ್ದೂ ಎಂದು ಒತ್ತಿದೆ. ಗೊತ್ತಿದ್ದೂ ನಾಲ್ಕು ಸಾಲು ಬಿಟ್ಟು ಓದಿದೆ, ಅವು ನನ್ನ ಬಗ್ಗೆ ಇದ್ದವು. ಕೀಲಿಮಣೆ ಮುಟ್ಟಬಾರದೆಂಬ ಕಟ್ಟಳೆ ನನ್ನ ಬೋಧನಾ ಪದ್ಧತಿಯಿಂದ ಬಂದದ್ದಲ್ಲ, ನನ್ನಿಂದ ಬಂದದ್ದು.

"ಮೂರ ಸಾಲ ಆತ್ರಿ ಅಕ್ಕೋರ" ಎಂದರು ಅಣ್ಣಾರು ಮೆಲ್ಲಗೆ. "ಇನ್ನೊಂದ ಬೇಕು."

ಮೇಲಿನ ಮೂರು ಸಾಲನ್ನು ಒಮ್ಮೆ ಓದಿಕೊಂಡೆ. ಆಮೇಲೆ ಒತ್ತಿದೆ. ನಾನೇ ಬಿಟ್ಟೆನೆಂದು ಕಾಕುವಿಗೆ ಹೊಳೆಯಲಿಲ್ಲ, ಅವರು ನನ್ನನ್ನು ನಂಬಿದ್ದರು. ಯಂತ್ರ ಅದನ್ನೂ ಅಕ್ಷರ ಅಕ್ಷರವಾಗಿ ಕೂಗಿತು, ಕೊನೆಯ ಚುಕ್ಕೆ ಇಟ್ಟ ಮೇಲೆ ಇಡೀ ಸಾಲನ್ನು ಒಮ್ಮೆ ತನ್ನ ಮೂಗಿನ ದನಿಯಲ್ಲಿ, ಏರಿಳಿತವಿಲ್ಲದೆ, ಏನನ್ನೂ ಬಿಡದೆ ಓದಿತು.

ಕಾಕುವಿನ ಕೈ ನನ್ನ ಹೆಗಲ ಮೇಲೆ ಬಂತು. "ಇದನ್ನ ಬಿಡಬ್ಯಾಡ್ರಿ ಅಣ್ಣಾರ" ಎಂದರು.